ಮರೆಗುಳಿ ರೋಗಕ್ಕೆ ಸಸ್ಯಮೂಲ ಔಷಧಿ: ಬಂದದ್ದೆಷ್ಟು, ಬರಬೇಕಾದದ್ದೆಷ್ಟು

ಅರವತ್ತು ದಾಟಿದ ಹಿರಿಯರು ಹೇಳಿದ ಮಾತನ್ನೇ ಮತ್ತೆ ಮತ್ತೆ ಹೇಳತೊಡಗಿದರೆ, ಇಟ್ಟ ವಸ್ತುವನ್ನು ಮರೆತು ಮನೆಯವರ ಮೇಲೆ ಸಂಶಯಪಟ್ಟರೆ, ‘ಅಜ್ಜಾರಿಗೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುವುದು ನಮ್ಮ ಸೀಮೆಯ ರೂಢಿ. ಈ ನಗೆಯಲ್ಲಿ ತಿರಸ್ಕಾರವಿಲ್ಲ, ಪ್ರೀತಿಯೇ ಇದೆ. ಆದರೆ ಆ ಪ್ರೀತಿಯ ಮರೆಯಲ್ಲಿ ಒಂದು ರೋಗವು ವರ್ಷಗಟ್ಟಲೆ ಹೆಸರಿಲ್ಲದೆ, ಚಿಕಿತ್ಸೆಯಿಲ್ಲದೆ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಹಿರಿಯರು ಮನೆಯ ದಾರಿ ತಪ್ಪಿದಾಗಲೋ, ಮಗನನ್ನೇ ‘ಯಾರಪಾ ನೀ?’ ಎಂದು ಕೇಳಿದಾಗಲೋ ಮನೆಯವರು ಎಚ್ಚರಗೊಳ್ಳುತ್ತಾರೆ. ಆಗ ಮೊದಲು ಹುಡುಕುವುದು ಗಿಡಮೂಲಿಕೆಯನ್ನು. ಒಂದೆಲಗದ ಚಟ್ನಿ, ಬ್ರಾಹ್ಮಿಯ ಎಣ್ಣೆ, ಅಶ್ವಗಂಧದ ಪುಡಿ, ಹಾಲಿಗೆ ಅರಿಷಿಣ; ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ.

ಈ ತಿಂಗಳ ಆರೋಗ್ಯ ವಿಭಾಗದಲ್ಲಿ ನಾವು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಗಿಡದಿಂದ ಮರೆವಿಗೆ ಮದ್ದು ಬರಲಾರದೆಂಬ ಮಾತು ಸತ್ಯವಲ್ಲ. ಜಗತ್ತಿನ ವೈದ್ಯರು ಇಂದು ಈ ರೋಗಕ್ಕೆ ಬರೆದುಕೊಡುವ ಕೆಲವೇ ಔಷಧಿಗಳಲ್ಲಿ ಎರಡಕ್ಕೆ ಗಿಡವೇ ತವರುಮನೆ. ಹಾಗೆಂದು ‘ಹಿತ್ತಲಲ್ಲಿಯೇ ಮದ್ದಿರುವಾಗ ವೈದ್ಯರೇಕೆ’ ಎಂಬ ಮಾತೂ ಸತ್ಯವಲ್ಲ. ಇವೆರಡರ ನಡುವಿನ ದಾರಿ ಎಷ್ಟು ದೂರದ್ದು, ಆ ದಾರಿಯಲ್ಲಿ ನಮ್ಮ ಮೂಲಿಕೆಗಳು ಎಲ್ಲಿಯವರೆಗೆ ಬಂದಿವೆ, ಅಲ್ಲಿಯವರೆಗೆ ನಾವು ಮಾಡಬೇಕಾದುದೇನು ಎಂಬುದನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಐವತ್ತೊಂದು ವರ್ಷದ ಆಗಸ್ಟೆ ಡೆಟರ್ ಎಂಬ ಗೃಹಿಣಿಯನ್ನು ಕರೆತಂದರು. ಆಕೆಗೆ ತನ್ನ ಹೆಸರನ್ನು ಬರೆಯುವುದೂ ಕಷ್ಟವಾಗಿತ್ತು. ಆಕೆಯನ್ನು ಪರೀಕ್ಷಿಸಿದ ವೈದ್ಯರು ಅಲೋಯಿಸ್ ಅಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ವಿಕಾರಗಳು ಕಂಡವು. ನರಕೋಶಗಳ ಹೊರಗೆ ಕಸದಂತೆ ಶೇಖರವಾದ ಚಕ್ಕೆಗಳು ಒಂದು. ಕೋಶಗಳ ಒಳಗೆ ಸಿಕ್ಕುಸಿಕ್ಕಾದ ನೂಲಿನಂತಹ ಗಂಟುಗಳು ಇನ್ನೊಂದು. ಚಕ್ಕೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನಿಂದಲೂ ಗಂಟುಗಳು ಟೌ ಎಂಬ ಪ್ರೋಟೀನಿನಿಂದಲೂ ಆಗಿವೆಯೆಂದು ತಿಳಿದದ್ದು ಬಹುಕಾಲದ ಮೇಲೆ. 1910ರಲ್ಲಿ ಈ ರೋಗಕ್ಕೆ ಆ ವೈದ್ಯರ ಹೆಸರನ್ನೇ ಇಡಲಾಯಿತು.

ಇಳಕಲ್ಲ ಸೀರೆಯ ನೇಕಾರರಿಗೆ ಈ ವಿಕಾರವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಸಿನ ನೂಲಿನಲ್ಲಿ ಗಂಟು ಬಿದ್ದರೆ ಮಗ್ಗ ನಿಲ್ಲುತ್ತದೆ; ಒಂದೊಂದೇ ಎಳೆ ಕಡಿದರೆ ಮೊದಲು ಅಂಚು ಕೆಡುತ್ತದೆ, ಆಮೇಲೆ ಒಡಲು. ಅಲ್ಝೈಮರ್ ರೋಗದಲ್ಲಿ ಮೊದಲು ಕೆಡುವುದು ಹೊಸ ನೆನಪು. ಬೆಳಿಗ್ಗೆ ಉಂಡದ್ದು ಮರೆಯುತ್ತದೆ, ಬಾಲ್ಯದ ಜಾತ್ರೆ ಮರೆಯುವುದಿಲ್ಲ. ಕೈಗೆ ಕಲಿಸಿದ ಕೆಲಸವು ಹೆಸರುಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದಲೇ ಮೊಮ್ಮಕ್ಕಳ ಹೆಸರು ಮರೆತವರೂ ರೊಟ್ಟಿ ಬಡಿಯಬಲ್ಲರು, ಲಾಳಿ ಹಿಡಿಯಬಲ್ಲರು.

ಬಾಗಲಕೋಟೆಯ ಕುಟುಂಬಗಳಿಗೆ ಇದರ ಇನ್ನೊಂದು ಮುಖವೂ ಪರಿಚಿತ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಓಣಿಗಳು ಮುಳುಗಿ, ಜನರು ನವನಗರಕ್ಕೆ ಬಂದು ನೆಲೆಸಿದರು. ಹೊಸ ನೆನಪು ಕರಗಿದ ಹಿರಿಯರಿಗೆ ನವನಗರದ ಮನೆ ಪರರ ಮನೆಯಾಗಿ ಕಾಣಬಹುದು. ಸಂಜೆಯಾದೊಡನೆ ‘ನಮ್ಮ ಮನಿಗೆ ಹೋಗೂಣು ನಡೀರಿ’ ಎಂದು ಅವರು ಹಟ ಹಿಡಿದರೆ ಅದು ಮೊಂಡುತನವಲ್ಲ. ಅವರು ಕೇಳುತ್ತಿರುವ ಮನೆ ನೀರಿನಡಿಯಲ್ಲಿದೆ. ಅವರ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ನಿಂತಿದೆ.

ಈ ಕಷ್ಟ ಕೆಲವೇ ಮನೆಗಳದ್ದಲ್ಲ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡಾ 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಹಿರಿಯರು, ಬುದ್ಧಿಮಾಂದ್ಯತೆಯನ್ನು ತರುವ ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚೆಂದು ಆ ಅಧ್ಯಯನ ಹೇಳುತ್ತದೆ. ಡಿಮೆನ್ಶಿಯಾ ಎಂಬುದು ಒಂದು ಗುಂಪಿನ ಹೆಸರು. ಜಗತ್ತಿನಾದ್ಯಂತ ಅದರ ನೂರು ಪ್ರಕರಣಗಳಲ್ಲಿ 60ರಿಂದ 70ಕ್ಕೆ ಅಲ್ಝೈಮರ್ ರೋಗವೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ.

ಮದಗುಣಿಕೆ ಕಲಿಸುವ ಪಾಠ

ಗಿಡವೊಂದು ನೆನಪಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಶಿವನಿಗೆ ಪ್ರಿಯವೆಂದು ಏರಿಸುವ ಉಮ್ಮತ್ತಿಯ ಹೂವನ್ನು, ನಮ್ಮ ಕಡೆ ಮದಗುಣಿಕೆಯೆಂದು ಕರೆಯುವ ಆ ಗಿಡವನ್ನು, ಎಲ್ಲರೂ ಬಲ್ಲರು. ಸಂಸ್ಕೃತದಲ್ಲಿ ಅದಕ್ಕೆ ‘ಉನ್ಮತ್ತ’ ಎಂಬ ಹೆಸರೇ ಇದೆ. ಅದರ ಬೀಜ ಹೊಟ್ಟೆಗೆ ಹೋದರೆ ಮನುಷ್ಯನು ಎದುರಿಗಿರುವವರನ್ನು ಗುರುತಿಸಲಾರ, ಇಲ್ಲದ್ದನ್ನು ಕಾಣುತ್ತಾನೆ, ಬಡಬಡಿಸುತ್ತಾನೆ. ಚೇತರಿಸಿಕೊಂಡ ಮೇಲೆ ನಡೆದುದಾವುದೂ ನೆನಪಿರುವುದಿಲ್ಲ. ವಿಷ ಹೆಚ್ಚಾದರೆ ಪ್ರಾಣವೇ ಹೋಗುತ್ತದೆ.

ಇದಕ್ಕೆ ಕಾರಣ ಆ ಗಿಡದಲ್ಲಿರುವ ಅಟ್ರೊಪಿನ್, ಸ್ಕೊಪೊಲಮಿನ್ ಎಂಬ ಸಂಯುಕ್ತಗಳು. ನಮ್ಮ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಓಲೆಕಾರನಂತೆ ಬಳಸುತ್ತವೆ. ಮದಗುಣಿಕೆಯ ಸಂಯುಕ್ತಗಳು ಆ ಓಲೆಕಾರನು ತಟ್ಟಬೇಕಾದ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಓಲೆ ತಲುಪದಿದ್ದರೆ ಕಲಿಕೆಯೂ ಇಲ್ಲ, ನೆನಪೂ ಇಲ್ಲ.

1970ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಅಲ್ಝೈಮರ್ ರೋಗದಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದಾಗ, ಇದೇ ಅಸಿಟೈಲ್‌ಕೋಲಿನ್ ತಯಾರಿಸುವ ನರಕೋಶಗಳು ಬಹಳಷ್ಟು ನಾಶವಾಗಿರುವುದು ಕಂಡಿತು. ಮದಗುಣಿಕೆ ಕೆಲವು ತಾಸು ಮಾಡುವುದನ್ನು ಈ ರೋಗವು ಶಾಶ್ವತವಾಗಿ ಮಾಡುತ್ತಿತ್ತು. ಹಾಗಾದರೆ ಅಳಿದುಳಿದ ಓಲೆಕಾರರನ್ನಾದರೂ ಕಾಪಾಡಲು ಸಾಧ್ಯವೇ? ದೇಹದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವವೊಂದಿದೆ. ಓಲೆ ಮುಟ್ಟಿದ ಕ್ಷಣವೇ ಅಸಿಟೈಲ್‌ಕೋಲಿನ್ನನ್ನು ತುಂಡರಿಸುವುದು ಅದರ ಕೆಲಸ. ಆ ಕಿಣ್ವದ ಕೈ ಹಿಡಿದು ನಿಲ್ಲಿಸಿದರೆ ಉಳಿದ ಅಸಿಟೈಲ್‌ಕೋಲಿನ್ ಇನ್ನಷ್ಟು ಹೊತ್ತು ಕೆಲಸ ಮಾಡೀತು ಎಂಬುದು ವಿಜ್ಞಾನಿಗಳ ಎಣಿಕೆ. ಹಾಗೆ ಕೈ ಹಿಡಿಯಬಲ್ಲ ವಸ್ತುವು ಒಂದು ವಿಷದ ಕಾಳಿನಲ್ಲಿ ಮೊದಲೇ ದೊರೆತಿತ್ತು.

ವಿಷದ ಕಾಳಿನಿಂದ ಬಂದ ಮದ್ದು

ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ, ಇಂದಿನ ನೈಜೀರಿಯಾದ ಕಲಬಾರ್ ಪ್ರದೇಶದಲ್ಲಿ, ನದೀದಂಡೆಗಳಲ್ಲಿ ಹಬ್ಬುವ ಒಂದು ಬಳ್ಳಿಯುಂಟು. ಅದರ ಕಂದುಬಣ್ಣದ ಕಾಳನ್ನು ಅಲ್ಲಿಯ ಜನ ದಿವ್ಯಪರೀಕ್ಷೆಗೆ ಬಳಸುತ್ತಿದ್ದರು. ಆರೋಪ ಹೊತ್ತವನಿಗೆ ಕಾಳನ್ನು ತಿನ್ನಿಸುವುದು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾಳು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಬಂದಿತು. 1864ರಲ್ಲಿ ಇದರಿಂದ ಫೈಸೊಸ್ಟಿಗ್ಮಿನ್ ಎಂಬ ಶುದ್ಧ ಸಂಯುಕ್ತವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ರಾಗ್ ನಗರದಲ್ಲಿ ಅಟ್ರೊಪಿನ್ ಕುಡಿದು ಮತಿಗೆಟ್ಟ ಕೈದಿಯೊಬ್ಬನಿಗೆ ಕಲಬಾರ್ ಕಾಳಿನ ಸತ್ತ್ವವನ್ನು ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡಲಾಯಿತು. ಒಂದು ಗಿಡ ಮುಚ್ಚಿದ ಬಾಗಿಲನ್ನು ಇನ್ನೊಂದು ಗಿಡ ತೆರೆದಂತಾಯಿತು.

1935ರಲ್ಲಿ ಅಮೆರಿಕದ ಪರ್ಸಿ ಜೂಲಿಯನ್ ಎಂಬ ರಸಾಯನಶಾಸ್ತ್ರಜ್ಞರು ಫೈಸೊಸ್ಟಿಗ್ಮಿನ್ನನ್ನು ಪ್ರಯೋಗಾಲಯದಲ್ಲಿಯೇ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. ಆದರೂ ಅದು ನೇರವಾಗಿ ಅಲ್ಝೈಮರ್ ರೋಗಿಗಳ ಮದ್ದಾಗಲಿಲ್ಲ. ಅದರ ಪರಿಣಾಮ ಬೇಗನೆ ಇಳಿಯುತ್ತಿತ್ತು, ಉಪದ್ರವಗಳು ಹೆಚ್ಚಾಗಿದ್ದವು. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು, ಸೌಮ್ಯವಾಗಿಯೂ ದೀರ್ಘಕಾಲವೂ ಕೆಲಸ ಮಾಡುವ ಹೊಸ ಸಂಯುಕ್ತವನ್ನು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮಾರ್ಟಾ ವೈನ್‌ಸ್ಟಾಕ್ ರೋಸಿನ್ ಅವರು ರೂಪಿಸಿದರು. ಅದೇ ರಿವಾಸ್ಟಿಗ್ಮಿನ್. 2000ದಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇಂದು ಇದು ಗುಳಿಗೆಯಾಗಿಯೂ ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿಯೂ ನಮ್ಮ ದೇಶದಲ್ಲಿಯೂ ಸಿಗುತ್ತದೆ.

ಎರಡನೆಯ ಮದ್ದಿನ ತವರು ಹಿಮದ ನಾಡು. ಕಾಕಸಸ್ ಮತ್ತು ಬಾಲ್ಕನ್ ಪ್ರದೇಶಗಳಲ್ಲಿ ಚಳಿಗಾಲ ಮುಗಿಯುವ ಮೊದಲೇ ಹಿಮವನ್ನು ಸೀಳಿ ಅರಳುವ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿಯ ಹೂವಿನ ಗಡ್ಡೆಯಲ್ಲಿ ಗ್ಯಾಲಂಟಮಿನ್ ಎಂಬ ಸಂಯುಕ್ತವಿದೆ. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟ ಮತ್ತು ಬಲ್ಗೇರಿಯದ ವಿಜ್ಞಾನಿಗಳು ಇದನ್ನು ಶೋಧಿಸಿದರು. ಬಲ್ಗೇರಿಯದ ದಿಮಿತರ್ ಪಾಸ್ಕೋವ್ ಅವರ ತಂಡವು ಇದನ್ನು ಔಷಧಿಯಾಗಿಸಿತು. ಮೊದಮೊದಲು ಇದು ಪೋಲಿಯೋ ನಂತರದ ದೌರ್ಬಲ್ಯಕ್ಕೆ ಬಳಕೆಯಾಯಿತು. ಅಲ್ಝೈಮರ್ ರೋಗಕ್ಕೆಂದು ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2001ರಲ್ಲಿ. ಇದೇ ಸಂಯುಕ್ತವು ಡ್ಯಾಫೋಡಿಲ್ ಹೂವಿನ ಗಿಡದಲ್ಲಿಯೂ ಇರುವುದರಿಂದ ಬ್ರಿಟನ್ನಿನ ವೇಲ್ಸ್ ಪ್ರಾಂತದ ಗುಡ್ಡಗಾಡಿನ ಹೊಲಗಳಲ್ಲಿ ಅದನ್ನು ಮದ್ದಿಗಾಗಿಯೇ ಬೆಳೆದಿದ್ದಾರೆ.

ಇಲ್ಲಿ ಸದ್ಭಕ್ತರು ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಗಿಡದಿಂದ ಗುಳಿಗೆಯವರೆಗಿನ ದಾರಿ ಹತ್ತಾರು ವರ್ಷಗಳದ್ದು. ಯಾವ ಸಂಯುಕ್ತ, ಎಷ್ಟು ಮಿಲಿಗ್ರಾಮ್, ಎಷ್ಟು ದಿನ, ಯಾರಿಗೆ ಹಿತ, ಯಾರಿಗೆ ಅಹಿತ ಎಂಬುದನ್ನು ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆಯೇ ವಿಷವು ಮದ್ದಾಯಿತು. ಎರಡು, ಈ ಮದ್ದುಗಳೂ ರೋಗವನ್ನು ಗುಣಪಡಿಸುವುದಿಲ್ಲ. ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ, ಕೆಲವು ಕಾಲದವರೆಗೆ ಹಗುರಗೊಳಿಸುತ್ತವೆ. ಒಳಗೆ ನರಕೋಶಗಳ ನಾಶ ಮುಂದುವರಿಯುತ್ತದೆ. ವಾಕರಿಕೆ, ಹಸಿವು ಕುಗ್ಗುವುದು, ನಾಡಿಯ ಗತಿ ನಿಧಾನವಾಗುವುದು ಮುಂತಾದ ತೊಂದರೆಗಳೂ ಬರಬಹುದು. ಆದ್ದರಿಂದ ಸಣ್ಣ ಪ್ರಮಾಣದಿಂದ ಆರಂಭಿಸಿ ವೈದ್ಯರ ಕಣ್ಗಾವಲಿನಲ್ಲಿ ಏರಿಸುತ್ತಾ ಹೋಗಬೇಕಾಗುತ್ತದೆ.

ನಮ್ಮ ಹಿತ್ತಲಿನ ಮೂಲಿಕೆಗಳು

ಹಾಗಾದರೆ ನಮ್ಮ ನಾಡಿನ ಮೂಲಿಕೆಗಳ ಗತಿಯೇನು? ಚರಕಸಂಹಿತೆಯಲ್ಲಿ ಬುದ್ಧಿಯನ್ನು ವೃದ್ಧಿಸುವ ‘ಮೇಧ್ಯ ರಸಾಯನ’ಗಳೆಂದು ನಾಲ್ಕನ್ನು ಹೇಳಿದೆ: ಮಂಡೂಕಪರ್ಣಿಯ ರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ ಮತ್ತು ಶಂಖಪುಷ್ಪಿಯ ಕಲ್ಕ. ಇವುಗಳಲ್ಲಿ ಮಂಡೂಕಪರ್ಣಿಯೇ ನಮ್ಮ ಒಂದೆಲಗ. ಪ್ರಾಚೀನರ ಈ ಅವಲೋಕನವನ್ನು ನಾವು ಗೌರವಿಸುತ್ತೇವೆ. ಗೌರವಿಸುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡಿ ಸತ್ಯವನ್ನು ತಿಳಿಯುವುದೇ ಹೊರತು ಪರೀಕ್ಷೆಗೆ ಅಂಜಿ ಮುಚ್ಚಿಡುವುದಲ್ಲ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ‘ಬ್ರಾಹ್ಮಿ’ ಎಂದು ಜನರು ಕರೆಯುವ ಗಿಡ ಒಂದಲ್ಲ, ಎರಡು. ದುಂಡನೆಯ, ಅಂಚು ಗೀರಿದ ಒಂಟಿ ಎಲೆಯದು ಒಂದೆಲಗ. ನೀರಿನ ಅಂಚಿನಲ್ಲಿ ದಪ್ಪನೆಯ ಚಿಕ್ಕ ಎಲೆಗಳನ್ನು ಹೊತ್ತು ಹರಿಯುವುದು ನೀರುಬ್ರಾಹ್ಮಿ. ಇವೆರಡರ ಕುಲವೂ ಬೇರೆ, ಒಳಗಿನ ಸಂಯುಕ್ತಗಳೂ ಬೇರೆ. ಅಂಗಡಿಯ ಪುಡಿಯಲ್ಲಿ ಯಾವುದಿದೆ ಎಂದು ಕಣ್ಣಿನಿಂದ ಹೇಳಲಾಗದು. ಗಿಡವನ್ನು ಬೆಳೆಸಬೇಕೆನ್ನುವವರು ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರಲ್ಲಿ ವಿಚಾರಿಸಿ ಸರಿಯಾದ ಜಾತಿಯನ್ನು ಗುರುತಿಸಿಕೊಳ್ಳುವುದು ಒಳ್ಳೆಯದು.

ನೀರುಬ್ರಾಹ್ಮಿಯಲ್ಲಿರುವ ಬಕೊಸೈಡ್ ಎಂಬ ಸಂಯುಕ್ತಗಳ ಮೇಲೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ದೀರ್ಘಕಾಲ ಕೆಲಸ ಮಾಡಿದೆ. ಆರೋಗ್ಯವಂತ ವಯಸ್ಕರು ಹನ್ನೆರಡು ವಾರ ಇದರ ಸತ್ತ್ವವನ್ನು ಸೇವಿಸಿದಾಗ, ಕಲಿತ ಪದಗಳನ್ನು ನೆನಪಿಸಿಕೊಳ್ಳುವ ಶಕ್ತಿ ಕೊಂಚ ಹೆಚ್ಚಿತೆಂದು ಕೆಲವು ಚಿಕ್ಕ ಪ್ರಯೋಗಗಳು ತೋರಿಸಿವೆ. ಇದು ಭರವಸೆಯ ಮಾತು. ಆದರೆ ಆರೋಗ್ಯವಂತರ ನೆನಪು ಚುರುಕಾಗುವುದು ಬೇರೆ, ಅಲ್ಝೈಮರ್ ರೋಗ ನಿಲ್ಲುವುದು ಬೇರೆ. ಎರಡನೆಯದು ಆಗುತ್ತದೆಂದು ತೋರಿಸಿದ ದೊಡ್ಡ ಪ್ರಯೋಗವು ಇದುವರೆಗೆ ಇಲ್ಲ.

ಹಿರೇಮದ್ದೆಂದು ಕರೆಯುವ ಅಶ್ವಗಂಧದ ಕಥೆ ಇನ್ನೂ ಕುತೂಹಲಕರ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿ ವಿಜಯಲಕ್ಷ್ಮೀ ರವೀಂದ್ರನಾಥ್ ಅವರ ತಂಡವು, ಅಲ್ಝೈಮರ್ ರೋಗದ ಲಕ್ಷಣಗಳು ಮೂಡುವಂತೆ ಬೆಳೆಸಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸತ್ತ್ವವನ್ನು ಮೂವತ್ತು ದಿನ ತಿನ್ನಿಸಿತು. ಮೆದುಳಿನ ಅಮೈಲಾಯ್ಡ್ ಕಸ ಕಡಿಮೆಯಾಯಿತು, ಇಲಿಗಳ ನಡವಳಿಕೆಯೂ ಸುಧಾರಿಸಿತು. ವಿಶೇಷವೆಂದರೆ ಮದ್ದು ಕೆಲಸ ಮಾಡಿದ್ದು ಮೆದುಳಿನಲ್ಲಿ ಅಲ್ಲ, ಯಕೃತ್ತಿನಲ್ಲಿ. ಅಲ್ಲಿಯ ಒಂದು ಪ್ರೋಟೀನು ಹೆಚ್ಚಾಗಿ, ರಕ್ತದಿಂದ ಅಮೈಲಾಯ್ಡನ್ನು ಸೆಳೆದುಕೊಂಡಿತು. 2012ರಲ್ಲಿ ಪ್ರಕಟವಾದ ಈ ಸಂಶೋಧನೆ ಜಗತ್ತಿನ ಗಮನ ಸೆಳೆಯಿತು. ಆದರೆ ಇಲಿಯಲ್ಲಿ ಗೆದ್ದ ಅನೇಕ ಮದ್ದುಗಳು ಮನುಷ್ಯನಲ್ಲಿ ಸೋತಿವೆ ಎಂಬುದು ಈ ರೋಗದ ಇತಿಹಾಸದ ಕಹಿ ಪಾಠ. ಅಶ್ವಗಂಧವು ಅಲ್ಝೈಮರ್ ರೋಗಿಗಳಲ್ಲಿ ಫಲ ನೀಡುತ್ತದೆಂಬುದು ಇನ್ನೂ ಸಿದ್ಧವಾಗಿಲ್ಲ. ಥೈರಾಯ್ಡ್ ತೊಂದರೆಯುಳ್ಳವರು, ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಅರಿಷಿಣದ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅಮೈಲಾಯ್ಡ್ ಗುಂಪುಗೂಡುವುದನ್ನು ತಡೆಯುತ್ತದೆ. ಆದರೆ ಹೊಟ್ಟೆಗೆ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅಮೆರಿಕದಲ್ಲಿ 36 ರೋಗಿಗಳ ಮೇಲೆ 24 ವಾರ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಅಡುಗೆಯ ಅರಿಷಿಣವನ್ನು ಬಿಡಬೇಕಾಗಿಲ್ಲ. ಆದರೆ ಸಾಂದ್ರೀಕರಿಸಿದ ಕರ್ಕ್ಯುಮಿನ್ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳು ಇವೆ. ಪರದೇಶದ ಗಿಂಕೊ ಎಲೆಯದೂ ಇದೇ ಕಥೆ. ಅಮೆರಿಕದಲ್ಲಿ 75 ವರ್ಷ ಮೀರಿದ 3,069 ಜನರು ಸುಮಾರು ಆರು ವರ್ಷ ಪಾಲ್ಗೊಂಡ ಪ್ರಯೋಗದ ಫಲಿತಾಂಶ 2008ರಲ್ಲಿ ಹೊರಬಂದಾಗ, ಗಿಂಕೊ ಸೇವಿಸಿದವರಿಗೂ ಸೇವಿಸದವರಿಗೂ ರೋಗ ಬರುವುದರಲ್ಲಿ ಅಂತರವಿರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಅದು ರಕ್ತಸ್ರಾವದ ಅಪಾಯವನ್ನೂ ತಂದೀತು.

ಪೇಟೆಯಲ್ಲಿ ‘ಮರೆವು ಸಂಪೂರ್ಣ ಗುಣ’ ಎಂದು ಸಾರುವ ಡಬ್ಬಿಗಳ ಬಗ್ಗೆ ಒಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಅನುಸೂಚಿಯಲ್ಲಿ ಮೆದುಳಿನ ರೋಗಗಳೂ ಸೇರಿವೆ. ಅವನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದೇ ಅಪರಾಧ. 2008ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನವು, ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳಲ್ಲಿ ಸುಮಾರು ಐದನೆಯ ಒಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣವನ್ನು ಕಂಡಿತು. ಸೀಸವು ಸ್ವತಃ ಮೆದುಳನ್ನು ಕೆಡಿಸುವ ವಿಷ. ಆದ್ದರಿಂದ ಆಯುರ್ವೇದ ಚಿಕಿತ್ಸೆ ಬಯಸುವವರು ಪದವಿ ಪಡೆದ ವೈದ್ಯರ ಬಳಿಗೇ ಹೋಗಬೇಕು, ಮತ್ತು ಇತರ ಮಾತ್ರೆಗಳ ಪಟ್ಟಿಯನ್ನು ಅವರಿಗೆ ತೋರಿಸಬೇಕು.

ಯಾವ ಗಿಡವೂ ಕೊಡಲಾರದ ವಸ್ತು

ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಇದು. ಮರೆವೆಲ್ಲವೂ ಅಲ್ಝೈಮರ್ ಅಲ್ಲ. ಕೆಲವು ಮರೆವುಗಳು ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಗುಣವಾಗುವಂಥವು. ಅವುಗಳಲ್ಲಿ ಶಾಕಾಹಾರಿಗಳಾದ ನಮ್ಮ ಸಮಾಜವು ವಿಶೇಷವಾಗಿ ತಿಳಿಯಬೇಕಾದದ್ದು ಬಿ12 ಜೀವಸತ್ತ್ವದ ಕೊರತೆ.

ಬಿ12 ಸೂಕ್ಷ್ಮಜೀವಿಗಳಿಂದ ಉತ್ಪನ್ನವಾಗಿ ಪ್ರಾಣಿಮೂಲದ ಆಹಾರದ ಮೂಲಕ ನಮಗೆ ದೊರೆಯುತ್ತದೆ. ಜೋಳ, ಬೇಳೆ, ಕಾಯಿಪಲ್ಯೆ, ಮೂಲಿಕೆ, ಇವಾವುವೂ ಅದರ ನಂಬುವಂಥ ಆಕರಗಳಲ್ಲ. ಶಾಕಾಹಾರಿಗೆ ಹಾಲು, ಮೊಸರುಗಳೇ ಆಧಾರ. ವಯಸ್ಸಾದಂತೆ ಹಲ್ಲು ಬಿದ್ದು, ಹಸಿವು ಕುಗ್ಗಿ, ಹಿರಿಯರು ಹಾಲನ್ನು ಬಿಡುತ್ತಾರೆ. ಉಂಡದ್ದರಿಂದ ಬಿ12 ಹೀರಿಕೊಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನು ನಿತ್ಯ ಸೇವಿಸುವವರಲ್ಲಿ ಕೊರತೆ ಇನ್ನೂ ಹೆಚ್ಚು. ಆಗ ಕೈಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮರೆವು ಬರುತ್ತದೆ. ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಸೂಜಿಮದ್ದು ಅಥವಾ ಮಾತ್ರೆಯಿಂದ ತುಂಬಬಹುದು. ಆದರೆ ತಡವಾದರೆ ನರಗಳಿಗಾದ ಹಾನಿ ಮರಳಿ ಸರಿಹೋಗದು. ಹೀಗೆ ಬಿ12 ಕೊರತೆಯಿರುವ ತಾಯಿಗೆ ಮನೆಯವರು ಒಂದು ವರ್ಷ ಬ್ರಾಹ್ಮಿಯ ಪುಡಿಯನ್ನೇ ಕೊಡುತ್ತಾ ಕುಳಿತರೆ, ಪುಡಿಯು ಕೇಡು ಮಾಡದಿದ್ದರೂ ಕಳೆದುಹೋದ ಆ ವರ್ಷವು ಕೇಡು ಮಾಡುತ್ತದೆ.

ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟುವುದು, ಕಿವಿ ಕೇಳಿಸದಿರುವುದು, ಇವೂ ಮರೆವಿನ ವೇಷದಲ್ಲಿ ಬರುತ್ತವೆ. ಇನ್ನೊಂದು ಗುಟ್ಟಾದ ಕಾರಣವು ಮಾತ್ರೆಗಳ ಪೊಟ್ಟಣದಲ್ಲಿಯೇ ಇರಬಹುದು. ನೆಗಡಿ, ತುರಿಕೆಗಳ ಹಳೆಯ ಕಾಲದ ಕೆಲವು ಮಾತ್ರೆಗಳು, ಮೂತ್ರದ ಆತುರಕ್ಕೆ ಕೊಡುವ ಕೆಲವು ಮಾತ್ರೆಗಳು ಅಲ್ಪ ಪ್ರಮಾಣದಲ್ಲಿ ಮದಗುಣಿಕೆಯ ಕೆಲಸವನ್ನೇ ಮಾಡುತ್ತವೆ. ಅಸಿಟೈಲ್‌ಕೋಲಿನ್ ತಟ್ಟುವ ಬಾಗಿಲನ್ನು ಮುಚ್ಚುತ್ತವೆ. ಹಿರಿಯರ ಮೆದುಳಿಗೆ ಅಷ್ಟೇ ಸಾಕು. ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ.

ಇಂದಿನಿಂದಲೇ ಮಾಡಬಹುದಾದದ್ದು

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ನೀಡಿದ ವರದಿಯು, ಜಗತ್ತಿನ ಡಿಮೆನ್ಶಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಹೇಳಿ, ಅದಕ್ಕೆ 14 ಕಾರಣಗಳನ್ನು ಪಟ್ಟಿ ಮಾಡಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ವ್ಯಾಯಾಮವಿಲ್ಲದ ಜೀವನ, ಕಿವುಡುತನ, ದೃಷ್ಟಿದೋಷ, ಖಿನ್ನತೆ, ಒಂಟಿತನ, ತಲೆಯ ಪೆಟ್ಟು, ವಾಯುಮಾಲಿನ್ಯ, ಬಾಲ್ಯದಲ್ಲಿ ಶಿಕ್ಷಣವಿಲ್ಲದಿರುವುದು, ಇವೇ ಆ ಹದಿನಾಲ್ಕು.

ಈ ಪಟ್ಟಿಯನ್ನು ಓದುವಾಗ ಇಳಕಲ್ಲದ ಡಾ. ಮಹಾಂತ ಶಿವಯೋಗಿಗಳು ನೆನಪಾಗುತ್ತಾರೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಕಾಣಿಕೆಯ ಬದಲು ಬೀಡಿ, ತಂಬಾಕು, ಮದ್ಯದ ಚಟಗಳನ್ನೇ ಭಿಕ್ಷೆ ಬೇಡಿದ ಅವರ ‘ಮಹಾಂತ ಜೋಳಿಗೆ’ಯು ನಮ್ಮ ಜಿಲ್ಲೆಯ ಮನೆಮನೆಗೆ ಪರಿಚಿತ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಗೆ ಚಟವನ್ನು ಹಾಕಿ ಬಂದವರು ತಮ್ಮ ಹೃದಯ, ಪುಪ್ಪುಸಗಳ ಜೊತೆಗೆ ಇಳಿವಯಸ್ಸಿನ ನೆನಪನ್ನೂ ಕಾಪಾಡಿಕೊಂಡರೆಂದು ಇಂದಿನ ವಿಜ್ಞಾನದ ಬೆಳಕಿನಲ್ಲಿ ಹೇಳಬಹುದಾಗಿದೆ.

ಫಿನ್ಲೆಂಡ್ ದೇಶದಲ್ಲಿ 60ರಿಂದ 77 ವರ್ಷದ 1,260 ಜನರನ್ನು ಎರಡು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವು ಯಾವುದೇ ಒಂದು ಮದ್ದನ್ನು ಕೊಡಲಿಲ್ಲ. ಒಳ್ಳೆಯ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮುಂತಾದವುಗಳ ತಪಾಸಣೆ, ಈ ನಾಲ್ಕನ್ನೂ ಒಟ್ಟಿಗೆ ಪಾಲಿಸಿದವರ ಬುದ್ಧಿಶಕ್ತಿಯು ಉಳಿದವರಿಗಿಂತ ಉತ್ತಮವಾಗಿತ್ತು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದವರನ್ನು ವರ್ಷಾನುವರ್ಷ ಪರೀಕ್ಷಿಸುತ್ತಿದೆ. ಅಶ್ವಗಂಧದ ಸಂಶೋಧನೆ ನಡೆಸಿದ ವಿಜಯಲಕ್ಷ್ಮೀ ಅವರೇ ಈ ಕೇಂದ್ರದ ಸ್ಥಾಪಕ ನಿರ್ದೇಶಕರು. ಮೂಲಿಕೆಯನ್ನು ಶೋಧಿಸಿದವರೇ ಹಳ್ಳಿಯ ಹಿರಿಯರ ರಕ್ತದೊತ್ತಡ, ಶ್ರವಣ, ನಡಿಗೆಗಳ ಲೆಕ್ಕವನ್ನೂ ಇಡುತ್ತಿರುವುದು ಅರ್ಥಪೂರ್ಣವಾಗಿದೆ.

ಗಿಡಮೂಲಿಕೆಯ ಗುಳಿಗೆ ಹುಡುಕುವವರು ಬಾದಾಮಿಯ ಬನಶಂಕರಿಯ ಪಲ್ಯದ ಹಬ್ಬವನ್ನು ನೆನೆಯಲಿ. ಜಾತ್ರೆಗೆ ಮುನ್ನ ಶಾಕಂಭರಿಯಾದ ತಾಯಿಗೆ ನೂರೆಂಟು ಬಗೆಯ ಕಾಯಿಪಲ್ಯೆಗಳ ನೈವೇದ್ಯವಾಗುತ್ತದೆ. ಸಸ್ಯಗಳಿಂದ ಮೆದುಳಿಗೆ ಆಗುವ ಉಪಕಾರವು ಒಂದು ಡಬ್ಬಿಯ ಒಂದು ಸತ್ತ್ವದಿಂದಲ್ಲ, ತಾಟಿನ ತುಂಬ ಇರುವ ಬಗೆಬಗೆಯ ಸೊಪ್ಪು, ಕಾಳು, ಹಣ್ಣುಗಳಿಂದ ಆಗುವ ಸಂಭವವೇ ಹೆಚ್ಚು. ಮೆಂತ್ಯೆ, ಹಕ್ಕರಕಿ, ರಾಜಗಿರಿ ಸೊಪ್ಪುಗಳು, ಮಡಿಕೆಕಾಳು, ಅಗಸಿ ಹಿಂಡಿ, ಮೊಸರು ಇರುವ ಜೋಳದ ರೊಟ್ಟಿಯ ಊಟಕ್ಕೆ ಪರದೇಶದ ಪಥ್ಯ ಬೇಕಿಲ್ಲ; ಉಪ್ಪು, ಎಣ್ಣೆಗಳು ಹಿತಮಿತವಾಗಿದ್ದರೆ ಸಾಕು.

ಮನೆಯವರಿಗೆ ಕೆಲವು ಮಾತುಗಳು

ಹಿರಿಯರ ನೆನಪಿನಲ್ಲಿ ವ್ಯತ್ಯಾಸ ಕಂಡು ಆರು ತಿಂಗಳಾಗಿದ್ದರೆ ಇನ್ನು ಕಾಯಬೇಡಿರಿ. ಬಾದಾಮಿ, ಹುನಗುಂದ, ಇಳಕಲ್ಲದವರು ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಲಿ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯೂ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ವೈದ್ಯಕೀಯ ಮಹಾವಿದ್ಯಾಲಯದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇವೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಿವೆ. ಮಾನಸಿಕ ಆರೋಗ್ಯದ ಸಲಹೆಗೆ 14416, ಹಿರಿಯ ನಾಗರಿಕರ ನೆರವಿಗೆ 14567 ಎಂಬ ಉಚಿತ ದೂರವಾಣಿ ಸಂಖ್ಯೆಗಳಿಗೆ ಕರೆ ಮಾಡಬಹುದು.

ರೋಗವು ಖಚಿತವಾದರೆ ಧೈರ್ಯಗೆಡಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಅದರ ಬದಲು ಮೂಲಿಕೆ ಕೊಡುವುದು ಬೇಡ. ಎರಡನ್ನೂ ಕೊಡಬೇಕೆನಿಸಿದರೆ ಕೇಳಿಯೇ ಕೊಡಬೇಕು, ಏಕೆಂದರೆ ಒಂದೇ ಕಿಣ್ವದ ಮೇಲೆ ಎರಡೂ ಕೆಲಸ ಮಾಡಿದರೆ ನಾಡಿ ಅತಿಯಾಗಿ ಇಳಿದೀತು. ಮುಳುಗಿದ ಮನೆಗೆ ಹೋಗೋಣವೆಂದು ಅಜ್ಜಿ ಹಟ ಹಿಡಿದರೆ ‘ಅದು ಮುಳುಗಿ ಹೋಗೇದ’ ಎಂದು ವಾದಿಸಬೇಡಿರಿ. ‘ಆ ಮನ್ಯಾಗ ಏನೇನಿತ್ತು ಹೇಳಬೇ’ ಎಂದು ಕೇಳಿ ಕೂಡಿರಿ; ಮಾತಿನಲ್ಲಿಯೇ ಆಕೆ ಮನೆಗೆ ಹೋಗಿ ಬರುತ್ತಾಳೆ. ನಿತ್ಯದ ಸ್ನಾನ, ಪೂಜೆ, ಪ್ರಸಾದಗಳ ಹೊತ್ತು ತಪ್ಪದಿರಲಿ. ಕೈಗೆ ಒಗ್ಗಿದ ಚಿಕ್ಕ ಕೆಲಸವೊಂದು ಇರಲಿ. ಕಾಳು ಹಸನು ಮಾಡುವುದೂ ಕಾಯಕವೇ. ಜೇಬಿನಲ್ಲಿ ಮನೆಯವರ ದೂರವಾಣಿ ಸಂಖ್ಯೆಯ ಚೀಟಿ ಇರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಸೇವೆಯ ಭಾರವು ಬಹುತೇಕ ಮನೆಗಳಲ್ಲಿ ಒಬ್ಬಳೇ ಸೊಸೆಯ ಅಥವಾ ಮಗಳ ಮೇಲೆ ಬೀಳುತ್ತದೆ. ಆಕೆಗೂ ನಿದ್ರೆ ಬೇಕು, ಜಾತ್ರೆಗೆ ಹೋಗಿ ಬರುವ ಒಂದು ದಿನ ಬೇಕು. ಮನೆಯ ಉಳಿದವರು, ಓಣಿಯವರು ಸರದಿಯ ಮೇಲೆ ಎರಡು ತಾಸು ಹಿರಿಯರ ಬಳಿ ಕುಳಿತರೆ ಅದೇ ದೊಡ್ಡ ದಾಸೋಹ.

ಮುಂದೊಂದು ದಿನ ನಮ್ಮ ಹೊಲದ ಬದುವಿನ ಗಿಡವೊಂದರಿಂದಲೇ ಈ ರೋಗಕ್ಕೆ ನಿಜವಾದ ಮದ್ದು ಬರಬಹುದು. ಕಲಬಾರ್ ಕಾಳು ಮತ್ತು ಹಿಮದ ಹೂವಿನ ಇತಿಹಾಸವು ಅದು ಅಸಾಧ್ಯವಲ್ಲವೆಂದು ತೋರಿಸಿದೆ. ಅದು ಬರುವವರೆಗೆ ಹಿರಿಯರ ಕಾಲವನ್ನು ವ್ಯರ್ಥವಾಗಿ ಕಳೆಯಗೊಡದಿರುವುದು ನಮ್ಮ ಕರ್ತವ್ಯ. ಈ ತಿಂಗಳು ತಮ್ಮ ಮನೆಯ ಹಿರಿಯರ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಮತ್ತು ಬಿ12 ಪರೀಕ್ಷೆಗಳನ್ನು ಮಾಡಿಸಿರೆಂದು, ಅವರ ಕಿವಿ, ಕಣ್ಣುಗಳನ್ನು ತೋರಿಸಿರೆಂದು ಸಮಸ್ತ ಸದ್ಭಕ್ತರಲ್ಲಿ ನಾವು ಬಿನ್ನವಿಸಿಕೊಳ್ಳುತ್ತೇವೆ.